ರಕ್ತದ ಕೊಲೆಸ್ಟರಾಲೂ ಭಂಗಿಯ ಸತ್ವವೂ

ಆರೋಗ್ಯವನ್ನು ಕುರಿತ ಮಾತು ಈಗ ವೈದ್ಯರ ಬಾಯಿಂದ ಮಾತ್ರ ಬರುತ್ತಿಲ್ಲ. ಅಂಗೈಯಲ್ಲಿ ಹಿಡಿದ ಮೊಬೈಲ್ ಫೋನು ದಿನಕ್ಕೆ ಹತ್ತು ಔಷಧಗಳನ್ನು ಹೇಳಿಕೊಡುತ್ತದೆ. ಅವುಗಳ ನಡುವೆ ಈಚಿನ ವರ್ಷಗಳಲ್ಲಿ ಕೇಳಿಬರುತ್ತಿರುವ ಒಂದು ಹೆಸರು ‘ಸಿ.ಬಿ.ಡಿ.’ ಇದು ಭಂಗಿಯ ಗಿಡದಿಂದ ತೆಗೆದ ಒಂದು ಸತ್ವ. ಇದನ್ನು ಎಣ್ಣೆಯಲ್ಲಿ ಬೆರಸಿ, ಸಣ್ಣ ಸೀಸೆಗಳಲ್ಲಿ ತುಂಬಿ, ನಿದ್ರೆಗೆ, ನೋವಿಗೆ, ಮನಸ್ಸಿನ ಕಳವಳಕ್ಕೆ, ಕಡೆಗೆ ರಕ್ತದಲ್ಲಿರುವ ಕೊಲೆಸ್ಟರಾಲನ್ನು ಇಳಿಸುವುದಕ್ಕೂ ಒಳ್ಳೆಯದೆಂದು ಸಾರುವವರುಂಟು. ಈ ಕಡೆಯ ಮಾತಿನಲ್ಲಿ ಸತ್ಯಾಂಶವೆಷ್ಟು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಮ್ಮ ಗಡಿನಾಡಿನ ಮನೆಗಳಲ್ಲಿ ಈ ವಿಚಾರಕ್ಕೆ ವಿಶೇಷವಾದ ಮಹತ್ವವುಂಟು. ಅಜ್ಜನ ರಕ್ತಪರೀಕ್ಷೆಯ ವರದಿ ಇಂಗ್ಲಿಷಿನಲ್ಲಿರುತ್ತದೆ. ಆಸ್ಪತ್ರೆಯಲ್ಲಿ ಮಾತುಕತೆ ಮರಾಠಿಯಲ್ಲಿ ನಡೆಯುತ್ತದೆ. ಮನೆಗೆ ಬಂದ ಮೇಲೆ ಅದೆಲ್ಲವನ್ನೂ ಕನ್ನಡದಲ್ಲಿ ತಿಳಿಯಹೇಳುವ ಭಾರ ಎಂಟನೆಯ ಅಥವಾ ಒಂಬತ್ತನೆಯ ತರಗತಿಯ ಹುಡುಗ ಹುಡುಗಿಯರ ಮೇಲೆ ಬೀಳುತ್ತದೆ. ಫೋನಿನಲ್ಲಿ ಬಂದ ಜಾಹೀರಾತನ್ನು ಓದಿಹೇಳುವವರೂ ಅವರೇ. ಆದಕಾರಣ ವರದಿಯ ಅಂಕಿಗೆ ಅರ್ಥವೇನು, ಜಾಹೀರಾತಿನ ಮಾತಿಗೆ ಆಧಾರವೇನು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರತಕ್ಕದ್ದು.

ಮೊದಲು ಕೊಲೆಸ್ಟರಾಲ್ ಎಂದರೇನು? ಅದು ಮೇಣದಂತಿರುವ ಒಂದು ಜಿಡ್ಡಿನ ಪದಾರ್ಥ. ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅದನ್ನು ಮೊಟ್ಟಮೊದಲು ಕಂಡದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಗ್ರೀಕ್ ಭಾಷೆಯಲ್ಲಿ ‘ಪಿತ್ತ’ ಮತ್ತು ‘ಗಟ್ಟಿ’ ಎಂಬ ಅರ್ಥದ ಎರಡು ಶಬ್ದಗಳು ಸೇರಿ ಅದರ ಹೆಸರಾಯಿತು. ಇಂದು ಈ ಹೆಸರನ್ನು ಕೇಳಿದೊಡನೆಯೇ ಜನರು ಹೆದರುತ್ತಾರೆ. ಆದರೆ ಕೊಲೆಸ್ಟರಾಲ್ ಇಲ್ಲದೆ ನಾವು ಬದುಕಲಾರೆವು. ನಮ್ಮ ಶರೀರದ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲಿಯೂ ಅದು ಇದೆ. ಬಿಸಿಲಿನ ನೆರವಿನಿಂದ ಚರ್ಮದಲ್ಲಿ ‘ಡಿ’ ಜೀವಸತ್ವ ಉಂಟಾಗುವುದೂ, ಜಿಡ್ಡನ್ನು ಜೀರ್ಣಿಸುವ ಪಿತ್ತರಸ ಸಿದ್ಧವಾಗುವುದೂ, ಅನೇಕ ಹಾರ್ಮೋನುಗಳು ಹುಟ್ಟುವುದೂ ಇದೇ ಮೂಲದ್ರವ್ಯದಿಂದ. ನಮಗೆ ಬೇಕಾದುದರ ಹೆಚ್ಚಿನ ಪಾಲನ್ನು ಶರೀರವು, ಮುಖ್ಯವಾಗಿ ಯಕೃತ್ತು, ತಾನೇ ತಯಾರಿಸಿಕೊಳ್ಳುತ್ತದೆ. ಉಳಿದುದು ಮೊಟ್ಟೆ, ಮಾಂಸ, ಬೆಣ್ಣೆ, ತುಪ್ಪ ಮೊದಲಾದ ಪ್ರಾಣಿಜನ್ಯ ಆಹಾರಗಳಿಂದ ಬರುತ್ತದೆ. ಶೇಂಗಾ, ಕುಸುಬೆ, ಅಗಸೆ ಮುಂತಾದ ಬೀಜಗಳ ಎಣ್ಣೆಯಲ್ಲಿ ಅದು ಇಲ್ಲವೆಂದೇ ಹೇಳಬಹುದು. ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿದ್ದರೆ ಅದು ಆ ಒಂದು ಅಂಗಡಿಯ ಎಣ್ಣೆಯ ಹೆಚ್ಚುಗಾರಿಕೆಯೇನೂ ಅಲ್ಲ.

ನೀರಿನಲ್ಲಿ ಎಣ್ಣೆ ಕರಗುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ರಕ್ತದ ಬಹುಭಾಗ ನೀರಾಗಿರುವುದರಿಂದ ಕೊಲೆಸ್ಟರಾಲು ತಾನಾಗಿಯೇ ಅದರಲ್ಲಿ ಸಂಚರಿಸಲಾರದು. ಪ್ರೋಟೀನಿನಿಂದಾದ ಗಾಡಿಗಳನ್ನೇರಿ ಹೋಗಬೇಕು. ಯಕೃತ್ತಿನಿಂದ ಶರೀರದ ಇತರ ಭಾಗಗಳಿಗೆ ಸಾಮಾನು ಹೊತ್ತೊಯ್ಯುವ ಗಾಡಿಗೆ ಎಲ್.ಡಿ.ಎಲ್. ಎಂದು ಹೆಸರು. ಅಲ್ಲಲ್ಲಿ ಉಳಿದುದನ್ನು ಯಕೃತ್ತಿಗೆ ಮರಳಿ ತರುವ ಗಾಡಿ ಎಚ್.ಡಿ.ಎಲ್. ಮೊದಲನೆಯ ಬಗೆಯ ಗಾಡಿಗಳು ಬೇಕಾದುದಕ್ಕಿಂತ ಹೆಚ್ಚಾದಾಗ ಅವು ರಕ್ತನಾಳಗಳ ಗೋಡೆಯೊಳಕ್ಕೆ ನುಸುಳಿ, ಅಲ್ಲಿಯೇ ಸಿಕ್ಕಿಕೊಂಡು, ವರ್ಷಾಂತರಗಳಲ್ಲಿ ಗಡ್ಡೆಕಟ್ಟುತ್ತವೆ. ಇದರಿಂದ ನೋವಿಲ್ಲ, ಜ್ವರವಿಲ್ಲ. ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಹೃದಯಕ್ಕೆ ರಕ್ತವನ್ನೊಯ್ಯುವ ನಾಳದಲ್ಲಿ ಈ ಗಡ್ಡೆಯು ಒಂದು ದಿನ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತವಾಗುತ್ತದೆ. ಹೊಲದಲ್ಲಿ ಗೇಯುತ್ತಿದ್ದ ಗಟ್ಟಿಮುಟ್ಟಾದ ಮನುಷ್ಯನು ಇದ್ದಕ್ಕಿದ್ದಂತೆ ಕುಸಿದು ಬೀಳುವುದುಂಟಷ್ಟೆ. ಅದರ ಹಿಂದೆ ಅನೇಕ ವೇಳೆ ಇಪ್ಪತ್ತು ಮೂವತ್ತು ವರ್ಷಗಳ ಈ ಗುಪ್ತಕಾರ್ಯವಿರುತ್ತದೆ.

ಈ ತಿಳಿವು ಒಂದೇ ದಿನದಲ್ಲಿ ಬಂದುದಲ್ಲ. ೧೯೧೩ರಲ್ಲಿ ರಷ್ಯದ ಅನಿಚ್‌ಕೋವ್ ಎಂಬ ವಿಜ್ಞಾನಿಯು ಮೊಲಗಳಿಗೆ ಕೊಲೆಸ್ಟರಾಲನ್ನು ತಿನ್ನಿಸಿ, ಅವುಗಳ ರಕ್ತನಾಳಗಳಲ್ಲಿ ಜಿಡ್ಡು ಕಟ್ಟುವುದನ್ನು ತೋರಿಸಿದನು. ಆದರೆ ಮೊಲಕ್ಕೆ ಆದದ್ದು ಮನುಷ್ಯನಿಗೂ ಆಗುವುದೇ? ಅದನ್ನು ಅರಿಯಲು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ೧೯೪೮ರಿಂದ ೫,೨೦೯ ಮಂದಿ ಸ್ತ್ರೀಪುರುಷರನ್ನು ವರ್ಷವರ್ಷಗಳ ಕಾಲ ಪರೀಕ್ಷಿಸುತ್ತ ಬಂದರು. ಕೊಲೆಸ್ಟರಾಲ್, ರಕ್ತದ ಒತ್ತಡ, ಧೂಮಪಾನ ಇವು ಹೆಚ್ಚಿರುವವರಲ್ಲಿ ಹೃದ್ರೋಗವೂ ಹೆಚ್ಚೆಂಬುದು ಹೀಗೆ ಸ್ಪಷ್ಟವಾಯಿತು. ಮುಂದೆ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಎಂಬ ಇಬ್ಬರು ಅಮೆರಿಕದ ವೈದ್ಯವಿಜ್ಞಾನಿಗಳು, ಎಲ್.ಡಿ.ಎಲ್. ಗಾಡಿಯನ್ನು ಯಕೃತ್ತು ತನ್ನೊಳಗೆ ಬರಮಾಡಿಕೊಳ್ಳುವ ಬಾಗಿಲುಗಳನ್ನು ಕಂಡುಹಿಡಿದು, ೧೯೮೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಈ ಬಾಗಿಲುಗಳು ಹುಟ್ಟಿನಿಂದಲೇ ಕಡಿಮೆಯಾಗಿರುವ ಮನೆತನಗಳುಂಟು. ಅಂಥವರಲ್ಲಿ ಎಳೆಯ ವಯಸ್ಸಿನಿಂದಲೇ ಕೊಲೆಸ್ಟರಾಲ್ ಅಧಿಕವಾಗಿರುತ್ತದೆ. ಮನೆತನದಲ್ಲಿ ನಲವತ್ತು ಐವತ್ತರ ಒಳಗೇ ಹೃದಯಾಘಾತಕ್ಕೆ ತುತ್ತಾದವರಿದ್ದರೆ ಮಿಕ್ಕವರು ರಕ್ತವನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇನ್ನು ಔಷಧದ ಕಥೆ. ಜಪಾನಿನ ಅಕಿರಾ ಎಂಡೋ ಎಂಬಾತನು ಆರು ಸಾವಿರಕ್ಕಿಂತ ಹೆಚ್ಚು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, ೧೯೭೩ರಲ್ಲಿ, ಕ್ಯೋಟೋ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ದೊರೆತ ಬೂಷ್ಟಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದನು. ಅದು ಯಕೃತ್ತಿನಲ್ಲಿ ಕೊಲೆಸ್ಟರಾಲ್ ತಯಾರಾಗುವುದನ್ನು ತಡೆಯುತ್ತಿತ್ತು. ತನ್ನ ಉತ್ಪತ್ತಿ ಕುಂದಿದಾಗ ಯಕೃತ್ತು ಹೆಚ್ಚು ಬಾಗಿಲುಗಳನ್ನು ತೆರೆದು ರಕ್ತದಿಂದ ಎಲ್.ಡಿ.ಎಲ್. ಅನ್ನು ಸೆಳೆದುಕೊಳ್ಳುತ್ತದೆ. ಈ ವರ್ಗದ ಔಷಧಗಳಿಗೆ ‘ಸ್ಟಾಟಿನ್’ ಎಂದು ಹೆಸರು. ೧೯೮೭ರಲ್ಲಿ ಅಮೆರಿಕದಲ್ಲಿ ಇವುಗಳಲ್ಲಿ ಮೊದಲನೆಯದು ಮಾರಾಟಕ್ಕೆ ಬಂದಿತು. ಆದರೂ ವೈದ್ಯಲೋಕದ ಸಂಶಯ ತೀರಲಿಲ್ಲ. ಅಂಕಿ ಇಳಿದರೆ ಆಯಿತೇ, ಆಯುಸ್ಸು ಬೆಳೆಯಬೇಡವೇ? ಉತ್ತರ ಯೂರೋಪಿನ ದೇಶಗಳಲ್ಲಿ ೪,೪೪೪ ಮಂದಿ ಹೃದ್ರೋಗಿಗಳನ್ನು, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಸಿಂವಾಸ್ಟಾಟಿನ್ ಗುಳಿಗೆಯನ್ನೂ ಇನ್ನೊಂದು ಪಾಲಿನವರಿಗೆ ನೋಡಲು ಹಾಗೆಯೇ ಇರುವ, ಸತ್ವವಿಲ್ಲದ ಗುಳಿಗೆಯನ್ನೂ ಸುಮಾರು ಐದು ವರ್ಷಗಳಿಗೂ ಮೀರಿ ಕೊಟ್ಟರು. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ೧೯೯೪ರಲ್ಲಿ ಫಲಿತಾಂಶ ಪ್ರಕಟವಾಯಿತು. ಸತ್ವವಿಲ್ಲದ ಗುಳಿಗೆ ತೆಗೆದುಕೊಂಡವರಲ್ಲಿ ೨೫೬ ಮಂದಿ ತೀರಿಕೊಂಡಿದ್ದರು; ಔಷಧ ತೆಗೆದುಕೊಂಡವರಲ್ಲಿ ೧೮೨ ಮಂದಿ. ಸಂಶಯಕ್ಕೆ ಉತ್ತರ ದೊರೆತದ್ದು ಆ ದಿನ. ಬೂಷ್ಟಿನಲ್ಲಿ ಗುಣವನ್ನು ಕಂಡ ದಿನದಿಂದ ಇಲ್ಲಿಗೆ ಇಪ್ಪತ್ತೊಂದು ವರ್ಷಗಳು ಸಂದಿದ್ದವು ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಈಗ ಇದೇ ಒರೆಗಲ್ಲಿಗೆ ಸಿ.ಬಿ.ಡಿ.ಯನ್ನು ತಿಕ್ಕಿ ನೋಡೋಣ.

ಭಂಗಿಯ ಗಿಡದಲ್ಲಿ ನೂರಕ್ಕೂ ಮೀರಿದ ವಿಶಿಷ್ಟ ರಾಸಾಯನಿಕ ಪದಾರ್ಥಗಳಿವೆ. ಅವುಗಳಲ್ಲಿ ಎರಡು ಮುಖ್ಯವಾದುವು. ಮತ್ತು ಬರಿಸುವುದು ಟಿ.ಎಚ್.ಸಿ.; ಮತ್ತು ಬರಿಸದಿರುವುದು ಕ್ಯಾನಬಿಡಯಾಲ್, ಅಂದರೆ ಸಿ.ಬಿ.ಡಿ. ಇದನ್ನು ೧೯೪೦ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಬೇರ್ಪಡಿಸಿದನು. ಇದರ ರಚನೆಯನ್ನು ೧೯೬೩ರಲ್ಲಿ ಇಸ್ರೇಲಿನ ರಫಾಯೆಲ್ ಮೆಶೂಲಂ ಮತ್ತು ಆತನ ಸಹೋದ್ಯೋಗಿ ನಿರ್ಧರಿಸಿದರು. ಇದು ಕೆಲಸಕ್ಕೆ ಬಾರದ ವಸ್ತುವೆಂದು ಹೇಳುವುದು ನ್ಯಾಯವಲ್ಲ. ಮಕ್ಕಳನ್ನು ಕಾಡುವ ಎರಡು ಬಗೆಯ ತೀವ್ರವಾದ ಅಪಸ್ಮಾರಗಳಿಗೆ ಇದನ್ನು ಔಷಧವಾಗಿ ಕೊಡಬಹುದೆಂದು ಅಮೆರಿಕದ ಸರ್ಕಾರ ೨೦೧೮ರಲ್ಲಿ ಒಪ್ಪಿಗೆಯಿತ್ತಿತು. ಆ ಒಪ್ಪಿಗೆ ಬಂದದ್ದು ಮೇಲೆ ಹೇಳಿದಂಥ ಪರೀಕ್ಷೆಗಳಲ್ಲಿ ಗೆದ್ದ ಮೇಲೆ. ಅಪಸ್ಮಾರದಲ್ಲಿ ಗೆದ್ದುದರಿಂದ ಕೊಲೆಸ್ಟರಾಲಿನಲ್ಲಿಯೂ ಗೆದ್ದಂತಾಗುವುದಿಲ್ಲ. ಗಣಿತದಲ್ಲಿ ತೇರ್ಗಡೆಯಾದವನು ಇತಿಹಾಸದ ಪರೀಕ್ಷೆಗೂ ಬೇರೆಯಾಗಿಯೇ ಕುಳಿತುಕೊಳ್ಳಬೇಕಷ್ಟೆ.

ಹಾಗಾದರೆ ಕೊಲೆಸ್ಟರಾಲಿನ ಮಾತು ಎಲ್ಲಿಂದ ಹುಟ್ಟಿತು? ೨೦೧೩ರಲ್ಲಿ ಅಮೆರಿಕದ ೪,೬೫೭ ಮಂದಿ ವಯಸ್ಕರ ವಿವರಗಳನ್ನು ಪರಿಶೀಲಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಗಾಂಜಾ ಸೇದುತ್ತಿದ್ದವರಲ್ಲಿ ಎಚ್.ಡಿ.ಎಲ್. ತುಸು ಹೆಚ್ಚಾಗಿಯೂ, ಸೊಂಟದ ಸುತ್ತಳತೆ ತುಸು ಕಡಿಮೆಯಾಗಿಯೂ ಕಂಡಿತು. ಇಂಥ ಸುದ್ದಿಯಿಂದಲೇ ‘ಗಾಂಜಾ ಕೊಲೆಸ್ಟರಾಲಿಗೆ ಒಳ್ಳೆಯದು’ ಎಂದು ಹೇಳಿಬಿಡುವುದು ಸುಲಭ. ಆದರೆ ಎರಡು ಸಂಗತಿಗಳು ಒಟ್ಟಿಗೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಕೋಳಿ ಕೂಗಿದ ಮೇಲೆ ಬೆಳಗಾಗುತ್ತದೆ, ಕೋಳಿಯಿಂದ ಬೆಳಗಾಗುವುದಿಲ್ಲ. ಆ ಜನರ ವಯಸ್ಸು, ಊಟ, ಉದ್ಯೋಗ, ಮದ್ಯಪಾನ ಎಲ್ಲವೂ ಬೇರೆಯಾಗಿದ್ದಿರಬಹುದು. ಲೆಕ್ಕಾಚಾರದಿಂದ ಇವೆಲ್ಲವನ್ನೂ ಪೂರ್ತಿಯಾಗಿ ಕಳೆಯಲಾಗದು. ಅಲ್ಲದೆ ಅವರು ಸೇದಿದ್ದು ಗಾಂಜಾ, ಸೀಸೆಯ ಸಿ.ಬಿ.ಡಿ. ಅಲ್ಲ.

ಸಿ.ಬಿ.ಡಿ.ಯನ್ನೇ ನೇರವಾಗಿ ಪರೀಕ್ಷಿಸಿದ ಒಂದು ಪ್ರಯೋಗದ ಫಲ ೨೦೧೬ರಲ್ಲಿ ಹೊರಬಿತ್ತು. ಬ್ರಿಟನ್ನಿನಲ್ಲಿ, ಸಿಹಿಮೂತ್ರದ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳದ ೬೨ ಮಂದಿಯನ್ನು ಐದು ಗುಂಪುಗಳಾಗಿ ಹಂಚಿದರು. ಒಂದು ಗುಂಪಿಗೆ ೧೦೦ ಮಿಲಿಗ್ರಾಂ ಸಿ.ಬಿ.ಡಿ.ಯನ್ನು ದಿನಕ್ಕೆ ಎರಡು ಬಾರಿ, ೧೩ ವಾರಗಳ ಕಾಲ ಕೊಟ್ಟರು. ಮೂರು ಗುಂಪುಗಳಿಗೆ ಭಂಗಿಯ ಇನ್ನೊಂದು ಸತ್ವವನ್ನಾಗಲಿ, ಎರಡರ ಮಿಶ್ರಣವನ್ನಾಗಲಿ ಕೊಟ್ಟರು. ಉಳಿದ ಗುಂಪಿಗೆ ಸತ್ವವಿಲ್ಲದ ಔಷಧ. ಎಚ್.ಡಿ.ಎಲ್. ಏರುವುದೇ ಎಂದು ನೋಡುವುದೇ ಆ ಪ್ರಯೋಗದ ಪ್ರಧಾನ ಉದ್ದೇಶವಾಗಿತ್ತು. ಅದು ಏರಲಿಲ್ಲ. ಸತ್ವವಿಲ್ಲದ ಔಷಧಕ್ಕೆ ಹೋಲಿಸಿದಾಗ ಸಿ.ಬಿ.ಡಿ.ಯಿಂದ ಕೊಲೆಸ್ಟರಾಲಿಗೆ ಪ್ರಯೋಜನವಾದುದು ಕಂಡುಬರಲಿಲ್ಲ. ಪ್ರಯೋಗ ಚಿಕ್ಕದು, ಕಾಲವೂ ಅಲ್ಪ. ಆದ್ದರಿಂದ ಇದೇ ಕಡೆಯ ತೀರ್ಪೆಂದು ನಾನು ಹೇಳುವುದಿಲ್ಲ. ಆದರೆ ಸೀಸೆಯನ್ನು ಮಾರುವವರ ಮಾತಿಗೆ ಇದರಿಂದ ಬೆಂಬಲ ದೊರೆಯದೆಂಬುದು ನಿಶ್ಚಯ.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮಾನವ ಜೀವಕೋಶಗಳ ಮೇಲೆಯೂ ಸಂಶೋಧನೆ ನಡೆದಿದೆ. ೨೦೨೨ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಂಶೋಧನೆಯಲ್ಲಿ, ಸಿ.ಬಿ.ಡಿ. ಸೇರಿದಾಗ ಜೀವಕೋಶದೊಳಗೆ ಕೊಲೆಸ್ಟರಾಲಿನ ಸಾಗಾಟವೂ ಶೇಖರಣೆಯೂ ಏರುಪೇರಾದುದು ಕಂಡಿತು. ಸಿ.ಬಿ.ಡಿ.ಗೂ ಕೊಲೆಸ್ಟರಾಲಿಗೂ ಯಾವುದೋ ಸಂಬಂಧವುಂಟೆಂಬುದು ಇದರಿಂದ ತಿಳಿಯುತ್ತದೆ. ಆದರೆ ಏರುಪೇರಾಗುವುದು ಬೇರೆ, ಹಿತವಾಗುವುದು ಬೇರೆ. ತಟ್ಟೆಯ ಜೀವಕೋಶಕ್ಕೂ, ಉಂಡು ಉಟ್ಟು ದುಡಿಯುವ ಮನುಷ್ಯನಿಗೂ ಬಹಳ ದೂರ.

ಒಂದು ವೇಳೆ ಅಂಕಿಯೇ ಸುಧಾರಿಸಿತೆಂದು ಇಟ್ಟುಕೊಳ್ಳೋಣ. ಆಗಲಾದರೂ ನಿಶ್ಚಿಂತೆಯಿಂದಿರಬಹುದೇ? ಇದಕ್ಕೆ ಈಚಿನ ಇತಿಹಾಸದಿಂದ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಭಂಗಿಯ ಸತ್ವ ನಮ್ಮ ಮಿದುಳಿನಲ್ಲಿ ಹೋಗಿ ತಟ್ಟುವ ಒಂದು ಸ್ಥಾನವುಂಟು. ಆ ಸ್ಥಾನವನ್ನು ಮುಚ್ಚಿ ಹಸಿವನ್ನು ತಗ್ಗಿಸುವ ರಿಮೊನಬಾಂಟ್ ಎಂಬ ಗುಳಿಗೆಗೆ ಯೂರೋಪು ೨೦೦೬ರಲ್ಲಿ ಅನುಮತಿ ಕೊಟ್ಟಿತು. ಅದರಿಂದ ತೂಕ ಇಳಿಯಿತು, ಎಚ್.ಡಿ.ಎಲ್. ಏರಿತು. ಆದರೆ ತೆಗೆದುಕೊಂಡವರಲ್ಲಿ ಖಿನ್ನತೆ, ಭಯ ಮುಂತಾದ ಮನೋವಿಕಾರಗಳು ಹೆಚ್ಚಿದವು. ೨೦೦೮ರಲ್ಲಿ ಅದರ ಮಾರಾಟವನ್ನು ನಿಲ್ಲಿಸಬೇಕಾಯಿತು. ಇನ್ನೊಂದು ಟಾರ್ಸೆಟ್ರಾಪಿಬ್ ಎಂಬ ಔಷಧ. ಹದಿನೈದು ಸಾವಿರ ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಅದು ಎಚ್.ಡಿ.ಎಲ್. ಅನ್ನು ನೂರಕ್ಕೆ ೭೨ರಷ್ಟು ಏರಿಸಿತು, ಎಲ್.ಡಿ.ಎಲ್. ಅನ್ನು ನೂರಕ್ಕೆ ೨೫ರಷ್ಟು ಇಳಿಸಿತು. ವರದಿಯನ್ನು ನೋಡಿದವರು ಹಿಗ್ಗಬೇಕಾದ ಅಂಕಿಗಳು! ಆದರೆ ಔಷಧ ಪಡೆದವರಲ್ಲಿ ೯೩ ಮಂದಿ, ಪಡೆಯದವರಲ್ಲಿ ೫೯ ಮಂದಿ ಮೃತರಾದರು. ೨೦೦೬ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ಅಂಕಿಯು ಆರೋಗ್ಯದ ಒಂದು ಗುರುತು ಮಾತ್ರ. ಗುರುತನ್ನು ತಿದ್ದಿದ ಮಾತ್ರಕ್ಕೆ ಆರೋಗ್ಯ ಬಂದಿತೆನ್ನಲಾಗದು.

‘ಪ್ರಯೋಜನವಿಲ್ಲದಿದ್ದರೆ ಬೇಡ, ಹಾನಿಯಂತೂ ಇಲ್ಲವಲ್ಲ, ಗಿಡದ ವಸ್ತು ತಾನೇ?’ ಎಂದು ಕೇಳುವವರಿದ್ದಾರೆ. ಎಕ್ಕವೂ ಗಿಡವೇ, ಉಮ್ಮತ್ತಿಯೂ ಗಿಡವೇ. ನಾವು ನುಂಗಿದ ಅನೇಕ ಔಷಧಗಳನ್ನು ಯಕೃತ್ತಿನ ಕಿಣ್ವಗಳು ಒಡೆದು ಹೊರಗೆ ಕಳುಹಿಸುತ್ತವೆ. ಸಿ.ಬಿ.ಡಿ. ಈ ಕಿಣ್ವಗಳಲ್ಲಿ ಕೆಲವಕ್ಕೆ ಅಡ್ಡಿಮಾಡುತ್ತದೆ. ಆಗ ಬೇರೆ ಔಷಧವು ಹೊರಗೆ ಹೋಗದೆ ರಕ್ತದಲ್ಲಿ ಮಿತಿಮೀರಿ ಉಳಿಯಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಅಪಸ್ಮಾರದ ಕ್ಲೊಬಜಾಂ ಮೊದಲಾದುವುಗಳ ವಿಷಯದಲ್ಲಿ ವೈದ್ಯರು ಈ ಎಚ್ಚರಿಕೆಯನ್ನು ಕೊಟ್ಟಿದ್ದಾರೆ. ಕೊಲೆಸ್ಟರಾಲಿಗೆಂದು ಕೊಡುವ ಅಟೋರ್ವಾಸ್ಟಾಟಿನ್, ಸಿಂವಾಸ್ಟಾಟಿನ್ ಗುಳಿಗೆಗಳೂ ಇಂಥ ಕಿಣ್ವದಿಂದಲೇ ಒಡೆಯತಕ್ಕವು. ಅವು ರಕ್ತದಲ್ಲಿ ಅತಿಯಾದರೆ ಸ್ನಾಯುಗಳಿಗೆ ಕೇಡು. ಅಪಸ್ಮಾರದ ಮಕ್ಕಳಿಗೆ ಸಿ.ಬಿ.ಡಿ. ಕೊಡುವಾಗಲೂ ಯಕೃತ್ತಿಗೆ ತೊಂದರೆಯಾಗಿದೆಯೇ ಎಂದು ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತಿರುತ್ತಾರೆ.

ಸೀಸೆಯಲ್ಲಿ ಏನಿದೆ ಎಂಬ ಪ್ರಶ್ನೆಯೂ ಉಂಟು. ಅಮೆರಿಕದಲ್ಲಿ ಅಂತರಜಾಲದ ಮೂಲಕ ಕೊಂಡ ೮೪ ಸಿ.ಬಿ.ಡಿ. ಸರಕುಗಳನ್ನು ಪರೀಕ್ಷಿಸಿ ೨೦೧೭ರಲ್ಲಿ ವರದಿ ಮಾಡಿದರು. ಚೀಟಿಯಲ್ಲಿ ಬರೆದ ಪ್ರಮಾಣಕ್ಕೆ ಸರಿಯಾಗಿದ್ದವು ೨೬ ಮಾತ್ರ. ಮತ್ತು ಬರಿಸುವ ಟಿ.ಎಚ್.ಸಿ. ೧೮ರಲ್ಲಿ ಸಿಕ್ಕಿತು. ಇದರ ಮೇಲೆ ಹೆಸರುಗಳ ಗೊಂದಲ ಬೇರೆ. ಭಂಗಿಯ ಬೀಜದ ಎಣ್ಣೆಯೂ ಸಿ.ಬಿ.ಡಿ. ಎಣ್ಣೆಯೂ ಒಂದಲ್ಲ. ಬೀಜದ ಎಣ್ಣೆ ಶೇಂಗಾ, ಅಗಸೆಯ ಎಣ್ಣೆಗಳಂತೆ ಒಂದು ಆಹಾರ, ಅದರಲ್ಲಿ ಸಿ.ಬಿ.ಡಿ. ಇರುವುದು ಅತ್ಯಲ್ಪ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ೨೦೨೧ರಲ್ಲಿ ಬೀಜ ಮತ್ತು ಬೀಜದ ಎಣ್ಣೆಯನ್ನು ನಿಯಮಗಳಿಗೆ ಒಳಪಡಿಸಿ ಆಹಾರವೆಂದು ಅಂಗೀಕರಿಸಿತು. ಗಿಡದ ಹೂವಿನ ತುದಿಯಾದ ಗಾಂಜಾ ಹಾಗೂ ಅದರ ರಾಳವಾದ ಚರಸ್ ೧೯೮೫ರ ಮಾದಕದ್ರವ್ಯಗಳ ಕಾಯಿದೆಯ ಹಿಡಿತಕ್ಕೆ ಸೇರಿದುವು. ಅವುಗಳನ್ನು ಇಟ್ಟುಕೊಳ್ಳುವುದೂ ಅಪರಾಧ. ಒಂದೇ ಗಿಡದ ಹೆಸರು ಹೇಳಿ ಒಂದನ್ನು ತೋರಿಸಿ ಇನ್ನೊಂದನ್ನು ಮಾರುವವರಿಂದ ದೂರವಿರಬೇಕು. ಬೆಳೆಯುವ ವಯಸ್ಸಿನ ಮಿದುಳಿಗೆ ಗಾಂಜಾ ಹಾನಿಕರ. ‘ಅದು ಔಷಧವಂತೆ’ ಎಂಬ ಗೆಳೆಯರ ಮಾತಿಗೆ ನಮ್ಮ ಹುಡುಗರು ಕಿವಿಗೊಡಬಾರದು.

ಹಾಗಾದರೆ ಮಾಡಬೇಕಾದದ್ದೇನು? ವನಸ್ಪತಿ, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಭಜಿ, ಬೇಕರಿಯ ತಿಂಡಿ ಇವುಗಳನ್ನು ಕಡಿಮೆ ಮಾಡಬೇಕು. ತುಪ್ಪ, ಬೆಣ್ಣೆಗಳಿಗೆ ಮಿತಿಯಿರಬೇಕು. ಜೋಳದ ರೊಟ್ಟಿ, ತೊಗರಿ, ಹೆಸರು, ಮಡಕೆ, ಸೊಪ್ಪು, ಕಾಯಿಪಲ್ಯಗಳ ನಮ್ಮ ಹಿರಿಯರ ಊಟದಲ್ಲಿ ನಾರು ಹೇರಳವಾಗಿತ್ತು. ಆ ಊಟವನ್ನು ಬಿಡಬಾರದು. ಬೀಡಿ, ಸಿಗರೇಟು, ತಂಬಾಕುಗಳನ್ನು ತ್ಯಜಿಸಬೇಕು. ದಿನವೂ ನಡೆಯಬೇಕು. ಇಷ್ಟಾದರೂ ಸಾಲದೆಂದು ವೈದ್ಯರು ಗುಳಿಗೆ ಬರೆದುಕೊಟ್ಟರೆ ಅದನ್ನು ತಪ್ಪದೆ ಸೇವಿಸಬೇಕು. ಗುಳಿಗೆಯಿಂದ ಮೈಕೈ ನೋವು ಬಂದರೆ ಅದನ್ನು ಮುಚ್ಚಿಡದೆ ವೈದ್ಯರಿಗೇ ಹೇಳಬೇಕು. ಅವರು ಪ್ರಮಾಣವನ್ನು ಇಳಿಸಬಲ್ಲರು, ಬೇರೆ ಔಷಧವನ್ನು ಕೊಡಬಲ್ಲರು. ಕೊಲೆಸ್ಟರಾಲ್ ಹೆಚ್ಚಿದುದು ಹೇಗೆ ತಿಳಿಯುವುದಿಲ್ಲವೋ, ಗುಳಿಗೆ ಬಿಟ್ಟಾಗ ಅದು ಮತ್ತೆ ಏರಿದುದೂ ಹಾಗೆಯೇ ತಿಳಿಯುವುದಿಲ್ಲ. ಸೀಸೆಯನ್ನು ನಂಬಿ ಗುಳಿಗೆಯನ್ನು ಬಿಟ್ಟವನು ‘ಏನೂ ಆಗಲಿಲ್ಲ’ ಎಂದು ಸಂತೋಷದಿಂದಿರುವ ಹೊತ್ತಿನಲ್ಲಿಯೇ ನಾಳದೊಳಗೆ ಗಡ್ಡೆ ಬೆಳೆಯುತ್ತಿರಬಹುದು. ಈ ವಿಷಯದಲ್ಲಿ ಭಯಪಡಬೇಕಾದದ್ದು ಇದಕ್ಕೇ.

ವಿದ್ಯಾರ್ಥಿಗಳೇ, ಮುಂದೆ ಇನ್ನೂ ಹೊಸ ಹೊಸ ಔಷಧಗಳ ಹೆಸರು ನಿಮ್ಮ ಕಿವಿಗೆ ಬೀಳುವುದು. ಸಿ.ಬಿ.ಡಿ.ಯ ಮೇಲೆಯೂ ದೊಡ್ಡ ಪ್ರಯೋಗಗಳು ನಡೆದು ಹೊಸ ಸಂಗತಿ ಹೊರಬೀಳಬಹುದು, ಹೊರಬಿದ್ದರೆ ಒಪ್ಪಿಕೊಳ್ಳೋಣ. ಅಲ್ಲಿಯ ತನಕ ಯಾವ ಔಷಧದ ಮಾತು ಬಂದರೂ ನಾಲ್ಕು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಿರಿ. ಪರೀಕ್ಷೆ ನಡೆದದ್ದು ಯಾರ ಮೇಲೆ, ಮನುಷ್ಯರ ಮೇಲೆಯೋ ಮೊಲದ ಮೇಲೆಯೋ? ಎಷ್ಟು ಮಂದಿಯ ಮೇಲೆ, ಎಷ್ಟು ಕಾಲ? ಯಾವುದರೊಡನೆ ಹೋಲಿಸಿದರು? ಅಂಕಿ ಇಳಿಯಿತೋ, ಆಯುಸ್ಸು ಉಳಿಯಿತೋ? ಮನೆಯಲ್ಲಿ ಅಜ್ಜ ಅಜ್ಜಿಯರು ವರದಿಯನ್ನು ನಿಮ್ಮ ಕೈಗೆ ಕೊಟ್ಟಾಗ ಅಂಕಿಗಳನ್ನು ಓದಿಹೇಳಿರಿ, ಅವುಗಳ ಅರ್ಥವನ್ನು ನಮ್ಮ ಭಾಷೆಯಲ್ಲಿ ನಿಧಾನವಾಗಿ ವಿವರಿಸಿರಿ, ಅನಂತರ ಆ ದಿನದ ಗುಳಿಗೆಯನ್ನು ನೆನಪಿನಿಂದ ಅವರ ಕೈಗೆ ಕೊಡಿರಿ.